ಕಾಫಿಮೂಲ

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಕೆದಕಿದರೆ ಏನಾಗುವುದೆಂಬುದನ್ನು ಮಾತ್ರ ಹೇಳಿಲ್ಲ. ಹೇಳಿದ್ದರೆ ಕೆದಕುವವರ ಸಂಖ್ಯೆ ಇನ್ನೂ ಹೆಚ್ಚುತ್ತಿತ್ತೋ ಏನೋ. ಆ ಪಟ್ಟಿಗೆ ಕಾಫಿಮೂಲವನ್ನೂ ಸೇರಿಸಿ ಹೋಗಿದ್ದರೆ ನನಗೆ ಕಳೆದ ಎರಡು ತಿಂಗಳ ಮನಃಕ್ಲೇಶ ತಪ್ಪುತ್ತಿತ್ತು. ಪಾಪ, ಅವರ ಕಾಲಕ್ಕೆ ಕಾಫಿ ಇನ್ನೂ ನಮ್ಮ ದೇಶಕ್ಕೆ ಬಂದಿರಲಾರದು.

ನಡೆದುದಿಷ್ಟು. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ನಾನು ಎರಡನೆಯ ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ನನ್ನಾಕೆ ಅಂದು ಹೊಸದೊಂದು ಕಂಪೆನಿಯ ಪುಡಿಯನ್ನು ತರಿಸಿದ್ದಳು. ಹೊಳಪಿನ ಚೀಲ, ಅದರ ಮೇಲೆ ಒಂದು ಮರ, ಒಂದು ಹಕ್ಕಿ, ಮೂಲೆಯಲ್ಲಿ ಈಗ ಎಲ್ಲ ವಸ್ತುಗಳ ಮೇಲೂ ಕಾಣುವ ಕಪ್ಪು ಚುಕ್ಕೆಗಳ ಚೌಕ. ಎರಡನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ತಾಯಿಯ ಮೊಬೈಲನ್ನು ಆ ಚೌಕಕ್ಕೆ ತೋರಿಸಿದ ಕೂಡಲೇ ತಲೆಗೆ ರುಮಾಲು ಸುತ್ತಿದ ರೈತನೊಬ್ಬ ಪರದೆಯ ಮೇಲೆ ಮುಗುಳ್ನಗುತ್ತ ಬಂದು ನಿಂತನು. ಅವನ ಕೆಳಗೆ, ಈ ಕಾಫಿಯು ಪ್ರಕೃತಿಗೆ ಯಾವ ಹಾನಿಯನ್ನೂ ಮಾಡದೆ ನಿಮ್ಮ ಮನೆಗೆ ಬಂದಿದೆ ಎಂಬ ಒಕ್ಕಣೆ.

"ಅಪ್ಪಾ, ಇದು ತೋಟದ ಅಜ್ಜನ ಕಾಫಿಯೇನು?" ಎಂದು ಮಗಳು ಕೇಳಿದಳು.

ತೋಟದ ಅಜ್ಜನೆಂದರೆ ನನ್ನಾಕೆಯ ಸೋದರಮಾವ. ಮೂಡಿಗೆರೆಯ ಸೀಮೆಯಲ್ಲಿ ಎಂಟು ಎಕರೆ ತೋಟ ಅವರದು. ಅಲ್ಲವೆಂದು ಹೇಳಲು ನನಗೆ ಆಧಾರವಿರಲಿಲ್ಲ. ಹೌದೆನ್ನಲಂತೂ ಇರಲೇ ಇಲ್ಲ. "ಇರಬಹುದು" ಎಂದೆ. ವಿದ್ಯಾರ್ಥಿಗಳು ಹೀಗೆ ಬರೆದರೆ ನಾನು ಸೊನ್ನೆ ಕೊಡುತ್ತೇನೆ. ಮಗಳು ಅಷ್ಟು ನಿಷ್ಠುರಳಲ್ಲ, "ಹಾಗಾದರೆ ಅಜ್ಜನ ಚಿತ್ರ ಯಾಕೆ ಹಾಕಿಲ್ಲ?" ಎಂದಷ್ಟೇ ಕೇಳಿ ಹೊರಗೆ ಆಡಲು ಹೋದಳು.

ಉತ್ತರಪತ್ರಿಕೆಗಳು ಅಲ್ಲಿಯೇ ಉಳಿದವು.

ಮಾವನವರ ಕಾಫಿ ನಮ್ಮ ಲೋಟಕ್ಕೆ ಬಂದಿದ್ದರೆ ಹೇಗೆ ಬಂದಿರಬೇಕೆಂದು ಯೋಚಿಸತೊಡಗಿದೆ. ತೋಟದಲ್ಲಿ ಹಣ್ಣು ಕೊಯ್ಯುತ್ತಾರೆ. ಒಂದು ಕಿಲೋ ಬೀಜವಾಗಬೇಕಾದರೆ ಸುಮಾರು ಐದಾರು ಕಿಲೋ ಹಣ್ಣು ಬೇಕು. ಆ ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಅದು ಚೆರಿ. ಪಲ್ಪರಿಗೆ ಹಾಕಿ ಸಿಪ್ಪೆಯನ್ನು ಬಿಡಿಸಿ, ಲೋಳೆಯನ್ನು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟು. ಊರಿನ ವ್ಯಾಪಾರಿ ಹತ್ತಾರು ತೋಟಗಳ ಚೀಲಗಳನ್ನು ಕೊಂಡು ಒಂದೇ ಗೋದಾಮಿನಲ್ಲಿ ಸುರಿಯುತ್ತಾನೆ. ಅಲ್ಲಿಂದ ಅದು ಕ್ಯೂರಿಂಗ್ ವರ್ಕ್ಸಿಗೆ ಹೋಗಿ ಹೊಟ್ಟು ಕಳೆದುಕೊಂಡು, ಗಾತ್ರಕ್ಕೆ ತಕ್ಕಂತೆ ಜಾತಿಜಾತಿಯಾಗಿ ಬೇರ್ಪಟ್ಟು, ಹೆಚ್ಚಿನ ಪಾಲು ಮಂಗಳೂರಿನದೋ ಕೊಚ್ಚಿಯದೋ ಬಂದರಿನ ಮೂಲಕ ಹಡಗು ಹತ್ತುತ್ತದೆ. ಉಳಿದುದು ಹುರಿಯುವವನ ಕೈಗೆ ಬೀಳುತ್ತದೆ. ಅವನು ಅದಕ್ಕೆ ಗುಜರಾತಿನಿಂದಲೋ ಉತ್ತರಪ್ರದೇಶದಿಂದಲೋ ಬಂದ ಚಿಕೋರಿಯನ್ನು ಬೆರೆಸುತ್ತಾನೆ. ನೂರಕ್ಕೆ 49 ಪಾಲಿನವರೆಗೆ ಚಿಕೋರಿಯಿದ್ದರೂ ಕಾನೂನಿನ ಆಕ್ಷೇಪವಿಲ್ಲ, ಚೀಲದ ಮೇಲೆ ನಮೂದಿಸಿದ್ದರೆ ಸರಿ. ಈ ಅಂಕಿಯನ್ನು ನಾನು ನನ್ನಾಕೆಗೆ ಓದಿ ಹೇಳಿದಾಗ, "ಅದಕ್ಕೇ ನಿಮಗೆ ಎರಡು ಲೋಟ ಬೇಕಾಗುವುದು" ಎಂದಳು.

ಹೀಗೆ ಐದಾರು ಕೈಗಳನ್ನು ದಾಟಿ ಬರುವ ಪದಾರ್ಥಕ್ಕೆ ಊರು, ಹೆಸರು ಎಲ್ಲಿ ಉಳಿದೀತು? ಒಂದು ಕಾಲಕ್ಕಂತೂ ಅದು ಉಳಿಯದಂತೆ ಕಾಯಿದೆಯೇ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಕಂಗೆಟ್ಟಾಗ ಸರ್ಕಾರವು ನಡುವೆ ಬಂದಿತು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಯಿತು. ಎಲ್ಲರ ಕಾಫಿಯೂ ಒಂದೇ ರಾಶಿ. ದರ್ಜೆಗೆ ತಕ್ಕ ಅಂಕ, ಅಂಕಕ್ಕೆ ತಕ್ಕ ಹಣ. ಆ ವ್ಯವಸ್ಥೆ ಅನೇಕ ಸಣ್ಣ ಬೆಳೆಗಾರರನ್ನು ಬದುಕಿಸಿತೆಂಬುದನ್ನು ಮರೆಯಬಾರದು. ಆದರೆ ಮರಗಳನ್ನು ಮಕ್ಕಳಂತೆ ಸಾಕಿದವನ ಕಾಫಿಯೂ ಗುಡ್ಡವನ್ನೆಲ್ಲ ಬೋಳು ಮಾಡಿದವನ ಕಾಫಿಯೂ ಅಲ್ಲಿ ಒಂದೇ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿ 1996ರ ಹೊತ್ತಿಗೆ ಬೆಳೆಗಾರನು ತನ್ನ ಫಸಲನ್ನು ಬೇಕಾದವನಿಗೆ ಮಾರುವಂತಾದನು. ಹೆಸರನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವೇನೋ ಬಂದಿತು. ಎಂಟು ಎಕರೆಯವನ ಹೆಸರನ್ನು ಕೇಳುವವರು ಬರಲಿಲ್ಲ.

ಕ್ರಿಸ್‌ಮಸ್ ರಜೆಗೆ ಹೇಗೂ ಹೊರಡಬೇಕೆಂದಿದ್ದೆವು. ಮಗಳ ಪ್ರಶ್ನೆಯನ್ನೂ ಕಟ್ಟಿಕೊಂಡು ಹೊರಟೆವು.

ಮಾವನವರ ಮನೆಯನ್ನು ತಲಪುವಾಗ ಸಂಜೆಯಾಗಿತ್ತು. ಅವರು ನನ್ನನ್ನು "ಅಳಿಯಂದಿರು" ಎಂದು ಬಹುವಚನದಲ್ಲಿಯೇ ಕರೆಯುತ್ತಾರೆ. ಸಂಬಂಧವನ್ನು ಲೆಕ್ಕ ಹಾಕಿದರೆ ನಾನು ಅವರ ಸೋದರಸೊಸೆಯ ಗಂಡ, ಆದರೂ ಆ ಮರ್ಯಾದೆಯಲ್ಲಿ ಒಂದಿಷ್ಟೂ ಕಡಮೆ ಮಾಡಿದವರಲ್ಲ. ಕೈಕಾಲು ತೊಳೆದು ಬಂದು ಕುಳಿತಾಗ ಕಾಫಿ ಬಂದಿತು. ಕಾಫಿಯ ಜೊತೆಗೆ ಗಾಳಿಯಲ್ಲಿ ಇನ್ನೊಂದು ವಾಸನೆಯೂ ಬಂದಿತು. ಹುಳಿ ಹಿಡಿದ ಹಿಟ್ಟು, ಕೊಳೆತ ಹಣ್ಣು ಇವೆರಡನ್ನೂ ಬೆರೆಸಿದಂಥ ವಾಸನೆ. ಪಟ್ಟಣದವನು ಮುಖ ಸಿಂಡರಿಸಬಾರದೆಂದು ಸುಮ್ಮನಿದ್ದೆ.

"ಹಳ್ಳ ನಾರುತ್ತಿದೆ, ಅಳಿಯಂದಿರೇ. ನೀವು ಹೇಳದಿದ್ದರೂ ನನಗೆ ಗೊತ್ತು" ಎಂದರು ಮಾವ. "ನಮ್ಮದೂ ಇದೆ, ಮೇಲಿನವರದೂ ಇದೆ. ಯಾರದು ಎಷ್ಟು ಎಂದು ಹೇಳುವುದು ಕಷ್ಟ."

ಮರುದಿನ ಬೆಳಿಗ್ಗೆ ಹಳ್ಳವನ್ನು ನೋಡಿದೆ. ಮಳೆಗಾಲದಲ್ಲಿ ದಾಟಲಾಗದ ಹಳ್ಳ ಡಿಸೆಂಬರಿನಲ್ಲಿ ಮೊಣಕಾಲಿನವರೆಗೂ ಇಲ್ಲ. ನೀರಿನ ಬಣ್ಣ ನಮ್ಮ ಹೋಟೆಲುಗಳ ನೀರುಕಾಫಿಯನ್ನು ಹೋಲುತ್ತಿತ್ತು. ಇದರ ರಹಸ್ಯ ಬಹಳ ಸರಳವಾದುದು. ಅರಾಬಿಕ ಹಣ್ಣಾಗುವುದು ನವೆಂಬರಿನಿಂದ ಜನವರಿಯವರೆಗೆ. ಹಳ್ಳಗಳು ಸೊರಗುವುದೂ ಅದೇ ಕಾಲದಲ್ಲಿ. ಬೀಜಕ್ಕೆ ಅಂಟಿದ ಲೋಳೆಯೆಂದರೆ ಬಹುಪಾಲು ಸಕ್ಕರೆಯ ಅಂಶ. ತೊಳೆದ ನೀರು ಹಳ್ಳವನ್ನು ಸೇರಿದರೆ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಮೇಲೆ ಹಬ್ಬ ಮಾಡುತ್ತವೆ. ಆ ಹಬ್ಬಕ್ಕೆ ನೀರಿನಲ್ಲಿ ಕರಗಿರುವ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಮೀನು ಉಸಿರು ಕಟ್ಟಿ ಸಾಯುತ್ತದೆ, ನೀರು ಹುಳಿಯಾಗಿ ಕಪ್ಪಾಗುತ್ತದೆ. ವಿಷವನ್ನು ಯಾರೂ ಬೆರೆಸಿಲ್ಲ. ತಿಂದರೆ ಮಕ್ಕಳಿಗೆ ಸಿಹಿಯೆನಿಸುವ ಹಣ್ಣಿನ ರಸ ಅದು.

ಇದನ್ನು ತಡೆಯಲು ಮಾರ್ಗಗಳಿಲ್ಲವೆಂದಲ್ಲ. ತೊಳೆದ ನೀರನ್ನು ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿಯನ್ನು ಮುರಿದು, ಕೊಳೆಯಿಸಿ, ತಿಳಿಯಾದ ಮೇಲೆ ತೋಟಕ್ಕೇ ಬಿಡಬಹುದು. ದೊಡ್ಡ ಎಸ್ಟೇಟುಗಳಲ್ಲಿ ಹೀಗೆ ಮಾಡುತ್ತಾರೆ. ಲೋಳೆಯನ್ನು ನೀರಿನಿಂದ ತೊಳೆಯದೆ ಉಜ್ಜಿಯೇ ತೆಗೆಯುವ ಹೊಸ ಯಂತ್ರಗಳು ಬಂದಿವೆ. ಹಳೆಯ ಕ್ರಮಕ್ಕೆ ಬೇಕಾಗುವ ನೀರಿನ ಸಣ್ಣದೊಂದು ಅಂಶ ಅವಕ್ಕೆ ಸಾಕು. ಆದರೆ ಎಂಟು ಎಕರೆಯವನಿಗೆ ಯಂತ್ರದ ಬೆಲೆ ಭಾರ, ಹೊಂಡಕ್ಕೆ ಸಮತಟ್ಟಾದ ಜಾಗವಿಲ್ಲ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಬಹುತೇಕ ಎಲ್ಲರೂ ಹತ್ತು ಹೆಕ್ಟೇರಿಗಿಂತ ಕಡಮೆ ಜಮೀನುಳ್ಳವರೆಂಬುದನ್ನು ಪುಡಿಯ ಚೀಲದ ಮೇಲಿನ ಹಕ್ಕಿ ಹೇಳುವುದಿಲ್ಲ.

ನಾನು ಹಳ್ಳದ ದಡದಲ್ಲಿ ನಿಂತು ಭೂಗೋಳವನ್ನು ಜ್ಞಾಪಿಸಿಕೊಂಡೆ. ಈ ಹಳ್ಳ ಮುಂದೆ ಹೇಮಾವತಿಯನ್ನು ಸೇರುತ್ತದೆ. ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯ ಬಳಿ. ಅದು ಗೊರೂರಿನ ಅಣೆಕಟ್ಟಿನಲ್ಲಿ ಸ್ವಲ್ಪ ಕಾಲ ವಿಶ್ರಮಿಸಿ, ಕನ್ನಂಬಾಡಿಯ ಹಿನ್ನೀರಿನ ಬಳಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿ, ಮೂರು ಮೆಟ್ಟಿಲುಗಳಲ್ಲಿ ಸುಮಾರು ಐದುನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ, ನೂರು ಕಿಲೋಮೀಟರಿನಾಚೆಯ ಬೆಂಗಳೂರಿಗೆ ತರುತ್ತಾರೆ. ಆ ನೀರು ನನ್ನ ಮನೆಯ ನಲ್ಲಿಯಲ್ಲಿ ಬೀಳುತ್ತದೆ. ನನ್ನಾಕೆ ಅದನ್ನು ಕಾಯಿಸಿ ಫಿಲ್ಟರಿನಲ್ಲಿರುವ ಪುಡಿಯ ಮೇಲೆ ಹೊಯ್ಯುತ್ತಾಳೆ. ಮೂಡಿಗೆರೆಯಲ್ಲಿ ಅಗಲಿದ ಕಾಫಿಯೂ ನೀರೂ ಹಲವು ತಿಂಗಳ ಬಳಿಕ ನಮ್ಮ ಅಡಿಗೆಮನೆಯಲ್ಲಿ ಹೀಗೆ ಮತ್ತೆ ಸಂಧಿಸುತ್ತವೆ. ನಳದಮಯಂತಿಯರ ಪುನರ್ಮಿಲನವನ್ನು ಪ್ರತಿವರ್ಷ ಪಾಠ ಹೇಳುವ ನನಗೆ ಇದು ಇಷ್ಟು ದಿನ ಹೊಳೆದಿರಲಿಲ್ಲ. ನಡುವೆ ಎಷ್ಟೋ ಜಲಾಶಯಗಳೂ ಶುದ್ಧೀಕರಣವೂ ಇರುವುದರಿಂದ ನಮ್ಮ ಲೋಟಕ್ಕೆ ಆ ವಾಸನೆ ಬರುವುದಿಲ್ಲ. ಕೆಳಗಿನ ಹಳ್ಳಿಯ ದನಗಳಿಗೆ ಅಂಥ ಅನುಕೂಲವಿಲ್ಲ. ಆ ವಾರ ಅವು ಹಳ್ಳದ ನೀರಿಗೆ ಬಾಯಿ ಹಾಕದೆ ಹಿಂದಿರುಗಿದ್ದವು. ಆ ಹಳ್ಳಿಯ ಇಬ್ಬರು ಹಿರಿಯರು ಬಂದು ಮಾವನವರ ಜಗಲಿಯಲ್ಲಿ ಕುಳಿತು, ಮಾತೇ ಆಡದೆ ಕಾಫಿ ಕುಡಿದು ಎದ್ದು ಹೋದರಂತೆ. ಬೈದಿದ್ದರೆ ವಾಸಿಯಿತ್ತು ಎಂದರು ಮಾವ.

ಇಲ್ಲಿಂದ ಮುಂದೆ ವಿಷಯ ಸಿಕ್ಕಾಗುತ್ತದೆ.

ಮಾವನವರ ಮಗ ಇಂಜಿನಿಯರಿಂಗ್ ಓದಿ, ಮೂರು ವರ್ಷ ಬೆಂಗಳೂರಿನಲ್ಲಿ ದುಡಿದು, ತೋಟಕ್ಕೆ ಹಿಂದಿರುಗಿದವನು. ಆ ಹಿರಿಯರ ಮೌನ ಅವನನ್ನು ಬಹಳ ತಾಕಿತ್ತು. ಹೊಸ ಪಲ್ಪರನ್ನು ಕೊಳ್ಳಲೇಬೇಕೆಂದು ಅವನ ಹಟ. ಹಣ ಎಲ್ಲಿ? ಬ್ಯಾಂಕಿನ ಸಾಲ ಈಗಾಗಲೇ ಒಂದಿದೆ. ಉಳಿದಿರುವ ಸಂಪತ್ತೆಂದರೆ ಮರ. ತೋಟದ ಮೇಲ್ಭಾಗದಲ್ಲಿ ಅವನ ಮುತ್ತಜ್ಜನ ಕಾಲದ ಆರು ನಂದಿ, ಎರಡು ಹೊನ್ನೆ, ನಾಲ್ಕು ಮತ್ತಿ, ಇವುಗಳ ನಡುವೆ ಒಂದು ಮಹಾಬಸರಿ ನಿಂತಿವೆ. ಮರದ ವ್ಯಾಪಾರಿ ಎರಡು ಬಾರಿ ಬಂದು ಅಳತೆ ಮಾಡಿಕೊಂಡು ಹೋಗಿದ್ದನು. ಅರ್ಜಿ, ಅಪ್ಪಣೆ ಎಲ್ಲ ನನಗೆ ಬಿಡಿ, ಆ ಜಾಗದಲ್ಲಿ ಸಿಲ್ವರ್ ನೆಡಿ, ಹತ್ತಿಪ್ಪತ್ತು ವರ್ಷದಲ್ಲಿ ಮತ್ತೆ ಹಣ, ಎಂಬುದು ಅವನ ಸಲಹೆ.

ಹಳ್ಳವನ್ನು ಉಳಿಸಬೇಕಾದರೆ ಮರವನ್ನು ಕಡಿಯಬೇಕು. ಮರವನ್ನು ಉಳಿಸಿದರೆ ಹಳ್ಳ ಕೆಡುತ್ತದೆ. ತರ್ಕಶಾಸ್ತ್ರದಲ್ಲಿ ಇದನ್ನು ಉಭಯತಃಪಾಶ ಎನ್ನುತ್ತಾರೆ. ತರಗತಿಯಲ್ಲಿ ಉದಾಹರಣೆ ಕೊಡಲು ನಾನು ಇದುವರೆಗೆ ತಿಣುಕುತ್ತಿದ್ದೆ.

ಸಿಲ್ವರ್ ಎಂದರೆ ಸಿಲ್ವರ್ ಓಕ್, ಆಸ್ಟ್ರೇಲಿಯದ ಮರ. ಅದನ್ನು ನಿಂದಿಸುವುದು ಈಗ ಪಟ್ಟಣದ ಪರಿಸರಪ್ರೇಮಿಗಳಲ್ಲಿ ರೂಢಿಯಾಗಿದೆ. ಬೆಳೆಗಾರನ ಕಣ್ಣಿನಿಂದ ನೋಡಿದರೆ ಅದರ ಗುಣಗಳು ಅಲ್ಪವಲ್ಲ. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕಡಿಯಲು ಯಾರ ಅಪ್ಪಣೆಯೂ ಬೇಕಿಲ್ಲ. 1976ರ ಮರಗಳ ಸಂರಕ್ಷಣಾ ಕಾಯಿದೆಯು ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಕೊಟ್ಟಿದೆ. ಸಿಲ್ವರ್ ಅವುಗಳಲ್ಲಿ ಒಂದು. ನಂದಿಯನ್ನೋ ಮತ್ತಿಯನ್ನೋ ನೆಟ್ಟು ಬೆಳೆಸಿದವನು ನಾಳೆ ಅದನ್ನು ಮಾರಬೇಕಾದರೆ ಕಚೇರಿಗಳ ಮೆಟ್ಟಿಲನ್ನು ಹತ್ತಿ ಇಳಿಯಬೇಕು. "ಯಾವ ಮರ ನೆಟ್ಟರೆ ನಾನು ಕಳ್ಳನ ಹಾಗೆ ಕೈಕಟ್ಟಿ ನಿಲ್ಲಬೇಕೋ ಆ ಮರವನ್ನು ನಾನೇಕೆ ನೆಡಲಿ, ಹೇಳಿ?" ಎಂದು ಮಾವನವರ ಮಗ ಕೇಳಿದನು. ಮರವನ್ನು ಕಾಪಾಡಲು ಹುಟ್ಟಿದ ಕಾಯಿದೆಯು ನಾಡಮರವನ್ನು ನೆಡದಂತೆ ಮಾಡಿದೆ. ಉದ್ದೇಶ ಒಳ್ಳೆಯದಾಗಿದ್ದು ಫಲ ಹೀಗಾದ ಕಾಯಿದೆಗಳ ಚರಿತ್ರೆಯನ್ನು ಯಾರಾದರೂ ಬರೆದರೆ ಅದಕ್ಕೆ ಒಂದು ಸಂಪುಟ ಸಾಲದು.

ಅಂದು ಮಧ್ಯಾಹ್ನ ಮಾವ ನನ್ನನ್ನೂ ಮಗಳನ್ನೂ ಬಸರಿಯ ಬಳಿಗೆ ಕರೆದುಕೊಂಡು ಹೋದರು. ಮೇಲೆ ಎತ್ತರದ ಮರಗಳ ಒಂದು ನೆರಳು, ಅದರ ಕೆಳಗೆ ಹಾಲುವಾಣದ ಇನ್ನೊಂದು ನೆರಳು, ಅದರ ಕೆಳಗೆ ಕಾಫಿ. ಪ್ರತಿವರ್ಷ ಮರಗಸಿ ಮಾಡಿ, ಎಂದರೆ ರೆಂಬೆಗಳನ್ನು ಸವರಿ, ಈ ನೆರಳನ್ನು ಜರಡಿ ಹಿಡಿದಂತೆ ಇಡುತ್ತಾರೆ. ಬ್ರೆಜಿಲಿನಲ್ಲಿ ಹೆಚ್ಚಿನ ಕಾಫಿ ಬಯಲಿನಲ್ಲಿ ಬೆಳೆಯುತ್ತದೆ. ನಮ್ಮಲ್ಲಿ ಕಾಡಿನ ಕೊಡೆಯ ಕೆಳಗೆ. ಇದು ಬರಿಯ ಸೌಂದರ್ಯದ ಮಾತಲ್ಲ. ಬಿಸಿಲು ಹೆಚ್ಚು ಬಿದ್ದ ಅರಾಬಿಕ ಗಿಡವನ್ನು ಬಿಳಿ ಕಾಂಡಕೊರಕ ಹುಡುಕಿಕೊಂಡು ಬರುತ್ತದೆ. ಗಿಡದೊಳಗೆ ಸುರಂಗ ಕೊರೆಯುವ ಈ ಹುಳಕ್ಕೆ ತೃಪ್ತಿಕರವಾದ ಔಷಧ ಇನ್ನೂ ಇಲ್ಲ. ಹುಳ ಹೊಕ್ಕ ಗಿಡವನ್ನು ಕಿತ್ತು ಸುಡಬೇಕು. ಆದುದರಿಂದ ನೆರಳು ತೆಳ್ಳಗಾದ ಕಡೆ ಅರಾಬಿಕ ಹೋಗಿ ರೊಬಸ್ಟಾ ಬರುತ್ತದೆ. ರೊಬಸ್ಟಾ ಗಟ್ಟಿ ಜೀವ, ಫಸಲೂ ಹೆಚ್ಚು; ಈಗ ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಅದೇ. ಆದರೆ ಅದಕ್ಕೆ ಫೆಬ್ರವರಿ, ಮಾರ್ಚಿಯಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನಿಂದ ನೀರು ಹಾಯಿಸಬೇಕು, ಆ ನೀರು ಮತ್ತದೇ ಹಳ್ಳದ್ದು. 2024, 2025ರಲ್ಲಿ ರೊಬಸ್ಟಾದ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಎಷ್ಟು ತೋಟಗಳ ನೆರಳು ತೆಳ್ಳಗಾಯಿತೆಂಬುದನ್ನು ಮಾವ ಕೈಚಾಚಿ ಗುಡ್ಡಗುಡ್ಡವಾಗಿ ತೋರಿಸಿದರು. ಬೆಲೆ ಬಿದ್ದಾಗ ಮರಕ್ಕೆ ಅಪಾಯವೆಂದು ನಾನು ತಿಳಿದಿದ್ದೆ. ಬೆಲೆ ಏರಿದಾಗಲೂ ಅಪಾಯವೆಂಬುದು ಅಂದು ತಿಳಿಯಿತು.

ಬಸರಿಯ ಹಣ್ಣಿಗೆ ಮಂಗಟ್ಟೆ ಹಕ್ಕಿಗಳು ಬಂದಿದ್ದವು. ಅವುಗಳ ಕೂಗು ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯ ನಗುವನ್ನು ಹೋಲುತ್ತದೆ. ಹಣ್ಣು ತಿನ್ನುವ ಹಕ್ಕಿಗೆ ಸಿಲ್ವರಿನಲ್ಲಿ ಏನೂ ಇಲ್ಲ. ಮಗಳು ಚೀಲದ ಮೇಲಿನ ಹಕ್ಕಿ ಇದೇ ಏನೆಂದು ಕೇಳಿದಳು. ಅದು ಇದಲ್ಲ, ಚಿತ್ರಕಾರನು ಯಾವುದೋ ಅಮೆರಿಕದ ಹಕ್ಕಿಯನ್ನು ಬರೆದಿದ್ದನೆಂದು ನನ್ನ ಅನುಮಾನ.

ಸಂಜೆ ಜಗಲಿಯ ಮೇಲೆ ಯೂರೋಪಿನ ಮಾತು ಬಂದಿತು. ಯೂರೋಪ್ ಒಕ್ಕೂಟವು 2023ರಲ್ಲಿ ಒಂದು ಕಾನೂನನ್ನು ಮಾಡಿದೆ. ಕಾಫಿ, ಕೋಕೋ, ರಬ್ಬರು, ತಾಳೆಎಣ್ಣೆ, ಸೋಯಾ, ಮರ, ದನ, ಈ ಏಳು ಮೂಲಗಳಿಂದ ಬರುವ ಯಾವ ಸರಕೂ 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ನೆಲದಿಂದ ಬಂದಿರಬಾರದು. ಬರಿ ಬಾಯಿಮಾತು ಸಾಲದು; ಬೆಳೆದ ನೆಲದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಅದರ ಎಲ್ಲೆಯ ಗೆರೆಯನ್ನೇ ಒಪ್ಪಿಸಬೇಕು. 2024ರ ಕೊನೆಗೆ ಜಾರಿಗೆ ಬರಬೇಕಾಗಿದ್ದ ಈ ಕಾನೂನು ಎರಡು ಸಲ ಮುಂದೂಡಲ್ಪಟ್ಟಿದೆ. ನಮ್ಮ ಕಾಫಿಯ ಹೆಚ್ಚಿನ ಪಾಲು ರಫ್ತಾಗುವುದರಿಂದಲೂ, ಅದನ್ನು ಕೊಳ್ಳುವವರಲ್ಲಿ ಇಟಲಿಯೇ ಮೊದಲಿಗನಾಗಿರುವುದರಿಂದಲೂ ಮಲೆನಾಡಿನ ಜಗಲಿಗಳಲ್ಲಿ ಬ್ರಸೆಲ್ಸಿನ ಸುದ್ದಿಯನ್ನು ಮಳೆಯ ಸುದ್ದಿಯಂತೆ ಕೇಳುತ್ತಾರೆ.

ಈ ಕಾನೂನನ್ನು ನಾನು ಹಳಿಯಲಾರೆ. ಮೂಲವನ್ನು ಕೆದಕಬಾರದೆಂಬ ನಮ್ಮ ಗಾದೆಗೆ ಅದು ನೇರವಾದ ಉತ್ತರ. ಸರಕಿನ ಹಾದಿಯನ್ನು ಹಿಮ್ಮುಖವಾಗಿ ನಡೆದು ಮಣ್ಣಿನವರೆಗೆ ಹೋಗಬೇಕೆಂದು ಇಷ್ಟು ಖಂಡಿತವಾಗಿ ಮೊದಲು ಯಾರೂ ಹೇಳಿರಲಿಲ್ಲ. ಆದರೆ ಆಕಾಶದಿಂದ ನೋಡುವ ಕಣ್ಣಿಗೆ ಕಾಣುವುದೆಷ್ಟು? ಮಾವನವರ ತೋಟ ನೂರು ವರ್ಷದಿಂದ ತೋಟವೇ. ಅಲ್ಲಿ ನಂದಿಯನ್ನು ಕಡಿದು ಸಿಲ್ವರ್ ನೆಟ್ಟರೆ ಅದು ಅರಣ್ಯನಾಶದ ಲೆಕ್ಕಕ್ಕೆ ಬರುವುದಿಲ್ಲ. ಮಂಗಟ್ಟೆ ಹಾರಿಹೋದರೂ ರೇಖಾಂಶ ಬದಲಾಗುವುದಿಲ್ಲ. ಆಯಾ ದೇಶದ ಕಾನೂನುಗಳನ್ನು ಪಾಲಿಸಿರಬೇಕೆಂಬ ಮಾತು ಅದರಲ್ಲಿ ಇದ್ದೇ ಇದೆ. ಆದರೂ ರಾತ್ರಿ ಹಳ್ಳಕ್ಕೆ ಬಿಟ್ಟ ನೀರು ಉಪಗ್ರಹಕ್ಕೆ ನಾರುವುದಿಲ್ಲ. ಕಾಡಿನ ಅಂಚನ್ನು ಅದು ಕಾಯಬಲ್ಲದು. ತೋಟದ ಒಳಗನ್ನು ಕಾಯಬೇಕಾದರೆ ನೆಲದ ಮೇಲೆ ನಡೆಯುವವರು ಬೇಕು. ಅಂಥವರು ಇದ್ದಾರೆ: ನೆರಳು, ನೀರು, ಕೂಲಿಕಾರರ ವಸತಿ ಎಲ್ಲವನ್ನೂ ನೋಡಿ ಮುದ್ರೆ ಒತ್ತುವ ಸಂಸ್ಥೆಗಳು. ಅವರ ತಪಾಸಣೆಯ ಖರ್ಚನ್ನು ದೊಡ್ಡ ಎಸ್ಟೇಟು ಸಾವಿರ ಚೀಲಗಳ ಮೇಲೆ ಹರಡಬಲ್ಲದು. ನಲವತ್ತು ಚೀಲದವನು ಎಲ್ಲಿ ಹರಡಿಯಾನು? ಹತ್ತಾರು ಮಂದಿ ಗುಂಪು ಕಟ್ಟಿದರೆ ಮಾತ್ರ ಸಾಧ್ಯ. ಗುಂಪು ಕಟ್ಟುವುದೆಂದರೆ ನಮ್ಮಲ್ಲಿ ಬೇಲಿಯ ವ್ಯಾಜ್ಯವನ್ನು ಮೊದಲು ತೀರಿಸಬೇಕು.

ನಾನು ಇದನ್ನೆಲ್ಲ ಸ್ವಲ್ಪ ಉಪನ್ಯಾಸದ ಧಾಟಿಯಲ್ಲಿಯೇ ಹೇಳಿದೆನೆಂದು ಕಾಣುತ್ತದೆ. ಮಾವ ಕೊನೆಯವರೆಗೂ ಕೇಳಿ, ಎಲೆಯಡಿಕೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ಅಳಿಯಂದಿರೇ, ತಪ್ಪು ತಿಳಿಯಬೇಡಿ. ಇಟಲಿಯವನು ಅಷ್ಟು ದೂರದಿಂದ ನನ್ನ ತೋಟದ ಅಂಕಿ ಕೇಳುತ್ತಾನೆ. ನೀವು ಬೆಂಗಳೂರಿನವರು ನಮ್ಮ ಹಳ್ಳದ ನೀರನ್ನೇ ಕುಡಿಯುವವರು. ನಿಮ್ಮಲ್ಲಿ ಯಾರಾದರೂ ಒಂದು ದಿನ ಕೇಳಿದ್ದೀರಾ?" ಎಂದರು.

ನಾನು ಅಡಿಕೆಯನ್ನು ಆರಿಸುವುದರಲ್ಲಿ ಮಗ್ನನಾದೆ.

ಕೇಳಿಲ್ಲವೆಂಬುದು ನಿಜ. ಪುಡಿ ತಾಜಾ ಇದೆಯೇ, ಚಿಕೋರಿ ಎಷ್ಟು, ಬೆಲೆ ಯಾಕೆ ಏರಿತು, ಇಷ್ಟನ್ನು ಕೇಳುತ್ತೇವೆ. ನಮ್ಮ ಬೀದಿಯ ಅಂಗಡಿಯಲ್ಲಿ ಇಂದಿಗೂ ಕಣ್ಣೆದುರಿಗೇ ಬೀಜ ಬೀಸಿ ಕೊಡುತ್ತಾರೆ. ಡಬ್ಬಿ ಹಿಡಿದುಕೊಂಡು ಹೋದರೆ ಡಬ್ಬಿಗೇ ಹಾಕುತ್ತಾರೆ. ಪ್ಲಾಸ್ಟಿಕ್ಕನ್ನೂ ಅಲ್ಯುಮಿನಿಯಮ್ಮನ್ನೂ ಒಂದರ ಮೇಲೊಂದು ಅಂಟಿಸಿದ, ಯಾವ ಹಳೇಸಾಮಾನಿನವನೂ ಮುಟ್ಟದ ಆ ಹೊಳಪಿನ ಚೀಲ ಬೇಕಾಗುವುದಿಲ್ಲ. ಬೆಂಗಳೂರಿಗೆ ಹಿಂದಿರುಗಿದ ಮೇಲೆ ಆ ಅಂಗಡಿಯ ಯಜಮಾನರನ್ನು, ಬೀಜ ಯಾವ ಊರಿನದೆಂದು ಕೇಳಿದೆ. ಅವರು ಮೂವತ್ತು ವರ್ಷದಿಂದ ಅಲ್ಲಿ ಕುಳಿತವರು. ಕನ್ನಡಕವನ್ನು ಮೇಲಕ್ಕೇರಿಸಿ, "ಏಕೆ ಸ್ವಾಮಿ, ಚೆನ್ನಾಗಿಲ್ಲವೇ?" ಎಂದರು. ಹಾಗಲ್ಲವೆಂದು ಮನವರಿಕೆ ಮಾಡಿಕೊಡಲು ಹತ್ತು ನಿಮಿಷ ಹಿಡಿಯಿತು. ಮುಂದಿನ ವಾರ ಹೋದಾಗ ಅವರು ತಾವಾಗಿಯೇ, ಕ್ಯೂರಿಂಗಿನವರನ್ನು ವಿಚಾರಿಸಿದೆ, ಪೀಬರಿ ಚಿಕ್ಕಮಗಳೂರಿನದು, ಚೆರಿ ಕೊಡಗಿನದು, ಅದಕ್ಕಿಂತ ಹೆಚ್ಚಿಗೆ ಅವರಿಗೂ ಗೊತ್ತಿಲ್ಲವಂತೆ ಎಂದರು. ಇಬ್ಬರು ಗಿರಾಕಿಗಳು ನಮ್ಮ ಮಾತನ್ನು ಕೇಳುತ್ತ ನಿಂತಿದ್ದರು.

ಈ ಶೋಧನೆಯ ಹುಮ್ಮಸ್ಸಿನಲ್ಲಿ ಇನ್ನೊಂದು ವಿಷಯವನ್ನೂ ಓದಿದೆ. ಒಂದು ಲೋಟ ಹಾಲು ಹಾಕಿದ ಕಾಫಿಯಿಂದ ವಾಯುಮಂಡಲಕ್ಕೆ ಸೇರುವ ಇಂಗಾಲದ ಹೊರೆಯಲ್ಲಿ ಕಾಫಿಯ ಪಾಲಿಗಿಂತ ಹಾಲಿನ ಪಾಲು ಹೆಚ್ಚೆಂದು ಲೆಕ್ಕ ಹಾಕಿದವರು ಹೇಳುತ್ತಾರೆ. ಹಡಗಿನ ಪ್ರಯಾಣದ್ದು ತೀರ ಸ್ವಲ್ಪ. ಇದನ್ನು ಊಟದ ಹೊತ್ತಿನಲ್ಲಿ ಪ್ರಸ್ತಾಪಿಸಿದೆ. ನಾಳೆಯಿಂದ ಬರಿಯ ಡಿಕಾಕ್ಷನ್ ಕೊಡಲೇ ಎಂದು ನನ್ನಾಕೆ ಕೇಳಿದಳು. ಆ ಶೋಧನೆಯನ್ನು ಅಲ್ಲಿಗೇ ನಿಲ್ಲಿಸಿದೆ. ನನ್ನ ಪರಿಸರಪ್ರೇಮದ ಎಲ್ಲೆಯ ಗೆರೆ ಅಲ್ಲಿದೆ, ಬೇಕಾದವರು ಅಕ್ಷಾಂಶ ಗುರುತಿಸಿಕೊಳ್ಳಬಹುದು.

ಮಾವನವರ ಮನೆಯ ಉಭಯತಃಪಾಶ ಏನಾಯಿತೆಂದು ಓದುಗರು ಕೇಳಬಹುದು. ನಾವು ಹೊರಡುವ ಹಿಂದಿನ ರಾತ್ರಿ ತಂದೆ ಮಕ್ಕಳಿಗೆ ಬಿಸಿಬಿಸಿಯಾಗಿಯೇ ಮಾತು ನಡೆಯಿತು. ಉಳಿದ ಹಣ್ಣನ್ನು ಪಲ್ಪರಿಗೆ ಹಾಕದೆ ಚೆರಿ ಮಾಡಿಬಿಡೋಣ, ತೊಟ್ಟು ನೀರು ಬೇಡ ಎಂದು ಮಾವ ಹೇಳಿದರು. ಚೆರಿಗೆ ಪಾರ್ಚ್‌ಮೆಂಟಿನ ಬೆಲೆ ಬಾರದು, ಕಣದಲ್ಲಿ ಹೆಚ್ಚು ದಿನ ಒಣಗಬೇಕು, ನಡುವೆ ಅಕಾಲ ಮಳೆ ಬಂದರೆ ಬೂಷ್ಟು ಹಿಡಿಯುತ್ತದೆ ಎಂದು ಮಗ. ಬೆಲೆಯ ನಷ್ಟವನ್ನು ಕಾಗದದ ಮೇಲೆ ಲೆಕ್ಕ ಹಾಕಿದೆವು. ಎರಡು ವರ್ಷದ ಆ ನಷ್ಟ ಹೊಸ ಯಂತ್ರದ ಅರ್ಧ ಬೆಲೆಗೆ ಬರುತ್ತಿತ್ತು. "ಇನ್ನರ್ಧ?" ಎಂದು ಮಗ ಕೇಳಿದನು. ಮಾವ ಉತ್ತರ ಕೊಡದೆ ದೀಪ ಆರಿಸಿದರು.

ಕಳೆದ ವಾರ ಬಸ್ಸಿನ ಕಂಡಕ್ಟರರ ಕೈಯಲ್ಲಿ ಒಂದು ಗಂಟು ಬಂದಿತು. ಬಟ್ಟೆಯ ಚೀಲದಲ್ಲಿ ಎರಡು ಕಿಲೋ ಕಾಫಿಪುಡಿ, ಒಂದು ಸೀಸೆ ಜೇನು, ಮಾವನವರ ಕೈಬರಹದ ಕಾಗದ. ಚೆರಿ ಒಣಗಿತಂತೆ, ಒಂದು ರಾತ್ರಿ ಮಳೆ ಬಂದು ನಾಲ್ಕು ಚೀಲದಷ್ಟು ಕೆಟ್ಟಿತಂತೆ. ಹಳ್ಳದ ಮೇಲುಭಾಗದ ಮೂವರು, ಕೆಳಗಿನ ಒಬ್ಬರು, ಎಲ್ಲರೂ ಸೇರಿ ಒಂದೇ ಯಂತ್ರವನ್ನು ಹಾಕುವ ವಿಚಾರವನ್ನು ಮಗ ಎತ್ತಿದ್ದಾನೆ. ಮೂವರಲ್ಲಿ ಇಬ್ಬರು ಒಪ್ಪಿದ್ದಾರೆ, ಮೂರನೆಯವರಿಗೂ ನಮಗೂ ಬೇಲಿಯ ವಿಷಯದಲ್ಲಿ ಮಾತಿಲ್ಲ, ಆದರೂ ನಾನೇ ಹೋಗಿ ಕೇಳುವವನಿದ್ದೇನೆ. ಮರದ ವ್ಯಾಪಾರಿ ಮತ್ತೆ ಬಂದಿದ್ದ. ಬಸರಿಯನ್ನು ಕೊಡುವುದಿಲ್ಲವೆಂದು ಮಗನೇ ಹೇಳಿ ಕಳುಹಿಸಿದ. ನಂದಿಯ ಮಾತು ಯುಗಾದಿ ಕಳೆದ ಮೇಲೆ.

ಕಾಗದದ ಅಡಿಯಲ್ಲಿ ಒಂದು ಸಾಲು ಬೇರೆಯಾಗಿತ್ತು: ಪುಟ್ಟಿಗೆ ಹೇಳಿ, ಇದು ಅಜ್ಜನ ಕಾಫಿ, ಬೇರೆ ಯಾರದೂ ಬೆರೆತಿಲ್ಲ.

ಮಗಳು ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಚುಕ್ಕೆಗಳ ಚೌಕ ಎಲ್ಲಿಯೂ ಇರಲಿಲ್ಲ. ತನ್ನ ಪೆಟ್ಟಿಗೆಯಿಂದ ಬಣ್ಣದ ಕಡ್ಡಿಗಳನ್ನು ತಂದು ಬಟ್ಟೆಯ ಮೇಲೆ ಒಬ್ಬ ಅಜ್ಜನನ್ನು ಬರೆದಳು. ಪಕ್ಕದಲ್ಲಿ ಒಂದು ಮರ. ಮರದ ಮೇಲೆ ಮೈಗಿಂತ ಮೂಗು ದೊಡ್ಡದಾದ ಒಂದು ಹಕ್ಕಿ. ಕೆಳಗೆ ಹಳ್ಳವನ್ನು ಬರೆಯುವಾಗ ಯಾವ ಬಣ್ಣ ಹಾಕಲೆಂದು ನನ್ನನ್ನು ಕೇಳಿದಳು. ಅಜ್ಜನಿಗೇ ಫೋನು ಮಾಡಿ ಕೇಳು ಎಂದೆ.